ಅಕ್ಕನ ಪಾಟಿ ಸವಾಲು

ನಮ್ಮ ಹಾಸನ ಸೀಮೆಯಲ್ಲಿ ಬಸ್ಸಿನ ಸೀಟು ಸಿಗುವುದು ಎಷ್ಟು ಕಷ್ಟವೋ, ಸಿಕ್ಕ ಮೇಲೆ ಪಕ್ಕದವರಿಗೆ ಊರು, ಮನೆ, ಬೀಗಸ್ತನಗಳ ವಿವರ ಒಪ್ಪಿಸದೆ ಕೂರುವುದು ಅದಕ್ಕಿಂತ ಕಷ್ಟ. ಹೊಳೆನರಸೀಪುರದಲ್ಲಿ ಹತ್ತಿದವನು ಚನ್ನರಾಯಪಟ್ಟಣದಲ್ಲಿ ಇಳಿಯುವ ಹೊತ್ತಿಗೆ ಅವನ ವಂಶವೃಕ್ಷ ಪಕ್ಕದವರಿಗೆ ಬಾಯಿಪಾಠವಾಗಿರುತ್ತದೆ. ಈ ವಿದ್ಯೆಯಲ್ಲಿ ನನ್ನ ಅಕ್ಕ ಸಾವಿತ್ರಮ್ಮನನ್ನು ಮೀರಿಸುವವರನ್ನು ನಾನು ಕಂಡಿಲ್ಲ. ಹಾಸನದ ಕೋರ್ಟಿನಲ್ಲಿ ಅರ್ಧ ಆಯುಷ್ಯ ಪಾಟಿ ಸವಾಲು ಹಾಕಿ ಸವೆದ ವಕೀಲ ನಾನು. ಅವಳೆದುರು ಮಾತ್ರ ಸಾಕ್ಷಿಯಂತೆ ತಡವರಿಸುತ್ತೇನೆ.

ಕರಿ ಕೋಟಿನ ಜೊತೆಗೆ ನನಗೆ ಬರವಣಿಗೆಯ ಚಟವೂ ಉಂಟು. ಸ್ಥಳೀಯ ಪತ್ರಿಕೆಯೊಂದರ ನನ್ನ ಕಾನೂನು ಅಂಕಣದಲ್ಲಿ ಆ ವಾರ, ನ್ಯಾಯಾಲಯಕ್ಕಿಂತ ಮುಂಚೆ ಮಾಧ್ಯಮಗಳೇ ತೀರ್ಪು ಕೊಡುವ ಚಾಳಿಯನ್ನೂ ಅದರಿಂದ ಜನರ ಜೀವಕ್ಕೆ ಒದಗುವ ಅಪಾಯವನ್ನೂ, ‘ನಿರಪರಾಧಿತ್ವದ ಪೂರ್ವಭಾವನೆ’ ಎಂಬ ಘನಗಂಭೀರ ಪದವನ್ನು ಅಲ್ಲಲ್ಲಿ ನಿಲ್ಲಿಸಿ, ಖಂಡಿಸಿದ್ದೆ. ತಪ್ಪು ಸಾಬೀತಾಗುವವರೆಗೆ ಯಾರೂ ತಪ್ಪಿತಸ್ಥರಲ್ಲ ಎಂಬುದಷ್ಟೇ ಆ ಪದದ ಅರ್ಥ. ಅಕ್ಕ ಓದಿ, “ಚೆಂದಾಗೈತೆ ಕಣೋ. ಯಾರಿಗರ್ಥ ಆಯ್ತದೆ?” ಎಂದಳು. ವಿಮರ್ಶೆ ನನಗೆ ರುಚಿಸಲಿಲ್ಲ.

ಅದೇ ವಾರ ನಾವಿಬ್ಬರೂ ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಹಾಸನದ ಬಸ್ಸು ಕಾಯುತ್ತಿದ್ದಾಗ ಒಂದು ಮೂಲೆಯಲ್ಲಿ ಗುಂಪು ಸೇರಿತು. ಮಕ್ಕಳ ಕಳ್ಳರು ಬಂದಿದ್ದಾರೆಂಬ ವಿಡಿಯೊ ಎರಡು ದಿನಗಳಿಂದ ಎಲ್ಲರ ಮೊಬೈಲಿನಲ್ಲೂ ಓಡಾಡುತ್ತಿತ್ತು. ಇಲ್ಲಿ ನೋಡಿದರೆ ಮಾಸಿದ ಅಂಗಿಯ ಒಬ್ಬ ಮನುಷ್ಯ, ಅವನ ಹೆಗಲಮೇಲೆ ‘ಅಮ್ಮ ಬೇಕು’ ಎಂದು ಕಿರುಚುವ ಪುಟ್ಟ ಹುಡುಗಿ. ಯಾರೋ ಅವನ ಕಾಲರ್ ಹಿಡಿದಿದ್ದರು. ಯೂಟ್ಯೂಬ್ ಚಾನೆಲ್ಲಿನವನೊಬ್ಬ ಆಗಲೇ ಮೊಬೈಲು ಎತ್ತಿ, “ಮಕ್ಕಳ ಕಳ್ಳ ಸಿಕ್ಕಿಬಿದ್ದ!” ಎಂದು ಲೈವ್ ಶುರುಮಾಡಿದ್ದ. ಆ ಮನುಷ್ಯ ಹೆದರಿ ಮಗುವನ್ನು ಎರಡೂ ಕೈಯಿಂದ ಅವಚಿಕೊಂಡಿದ್ದ. ಒಂದು ಏಟು ಬಿದ್ದರೆ ಎಲ್ಲರ ಕೈಯೂ ಎದ್ದೇಳುತ್ತದೆಂದು ನನಗೆ ಗೊತ್ತಿತ್ತು. ನಾನು ಪೊಲೀಸರಿಗೆ ಫೋನು ಮಾಡುತ್ತಾ ಅವನಿಗೆ ಅಡ್ಡ ನಿಂತೆ. ಅಕ್ಕ ಪೊಲೀಸರಿಗೆ ಕಾಯದೆ, ಅವನ ಕಾಲರ್ ಹಿಡಿದಿದ್ದ ಕೈಯನ್ನು ಬಿಡಿಸಿ ವಿಚಾರಣೆ ಆರಂಭಿಸಿದಳು.

“ಯಾವೂರಣ್ಣ ನಿಂದು?”

“ಅರಕಲಗೂಡ್ ಕಡೆ, ಅಕ್ಕಾ.”

“ಕೂಸು ಯಾರ್ದು?”

“ಮಗಳ್ದು. ಮಗಳು ಎರ್ಗೆಗೆ ಇಲ್ಲೇ ಆಸ್ಪತ್ರೇಲವ್ಳೆ. ಇದ್ನ ಮನೀಗ್ ಕರ್ಕೊಂಡೋಯ್ತಿದ್ದೆ.”

“ಮಗಳ್ನ ಎಲ್ಲಿಗ್ ಕೊಟ್ಟಿದ್ದೀಯಾ?”

“ದೊಡ್ಡಗದ್ದವಳ್ಳಿಗೆ. ಗುಡಿ ಇಂದ್ಗಡೆ ಬೀದಿ.”

ಅಷ್ಟು ಸಾಕಾಯಿತು. ಆ ಬೀದಿಯಲ್ಲಿ ಅಕ್ಕನ ಗೆಳತಿ ಜಯಮ್ಮ ಇದ್ದಾಳೆ. ನಮ್ಮ ಅಕ್ಕನಿಗೆ ಗೆಳತಿಯಿಲ್ಲದ ಬೀದಿ ಈ ಜಿಲ್ಲೆಯಲ್ಲಿ ಇನ್ನೂ ಹುಟ್ಟಬೇಕು. ಅಕ್ಕ ಅವಳಿಗೆ ಫೋನು ಮಾಡಿ, ಸ್ಪೀಕರಿಗೆ ಹಾಕಿ, ವಿಷಯ ಹೇಳಿದಳು. “ಅಯ್ಯೋ, ಅದು ನಮ್ ಪಕ್ಕದ್ಮನೆ ಕೂಸು! ಲೇ ಚಿನ್ನೀ, ಯಾಕ್ ಅಳ್ತಿದ್ದೀಯವ್ವಾ?” ಎಂದಳು ಜಯಮ್ಮ. ಮಗು ಅಳು ನಿಲ್ಲಿಸಿ, “ಜಯಜ್ಜೀ,” ಎಂದು ಫೋನಿಗೆ ಕೈ ಚಾಚಿತು.

ಕಾಲರ್ ಹಿಡಿದಿದ್ದವನೇ ಅದನ್ನು ಸರಿಮಾಡಿ, “ತಪ್ಪಾಯ್ತು ಕಣಣ್ಣ,” ಎಂದ. ಒಬ್ಬರು ನೀರು ತಂದರು, ಒಬ್ಬರು ಮಗುವಿಗೆ ಬಿಸ್ಕತ್ತು ತಂದರು. ಎಲ್ಲರ ಮನೆಯ ವಿಷಯವೂ ಎಲ್ಲರಿಗೂ ಬೇಕಾಗಿರುವ ನನ್ನ ಸೀಮೆಯ ಬಗ್ಗೆ, ಅದರಲ್ಲೂ ನನ್ನ ಅಕ್ಕನ ಬಗ್ಗೆ, ಅಂದು ಪಟ್ಟಷ್ಟು ಹೆಮ್ಮೆಯನ್ನು ನಾನು ಯಾವ ಮೊಕದ್ದಮೆ ಗೆದ್ದಾಗಲೂ ಪಟ್ಟಿಲ್ಲ.

ಚಾನೆಲ್ಲಿನವನು ಮೆಲ್ಲಗೆ ಮೊಬೈಲು ಜೇಬಿಗಿಳಿಸತೊಡಗಿದ.

“ಆಫ್ ಮಾಡ್ಬ್ಯಾಡ ಕಣಪ್ಪ,” ಎಂದಳು ಅಕ್ಕ. “ಅವಾಗ ನೋಡ್ದೋರು ಇವಾಗ್ಲೂ ನೋಡ್ಲಿ.”

ಗುಂಪು ಈಗ ಅವನ ಸುತ್ತ ನಿಂತಿತು. ಅವನು ಮತ್ತೆ ಮೊಬೈಲು ಎತ್ತಿದ. ಆ ಮನುಷ್ಯ ಕೈಮುಗಿದು, “ನಾನು ಕಳ್ಳ ಅಲ್ಲ ಸಾ...” ಎಂದು ಶುರುಮಾಡಿದ. ಅಕ್ಕ ಆ ಕೈಗಳನ್ನು ಕೆಳಗಿಳಿಸಿದಳು.

“ಅದ್ನ ನೀನ್ಯಾಕ್ ಏಳ್ತೀಯಣ್ಣ? ಕಳ್ಳ ಅಂದೋನು ಏಳ್ಲಿ. ನೀನು ನಿನ್ನೆಸ್ರು ಏಳು, ಸಾಕು.”

ಚಾನೆಲ್ಲಿನವನು ತಪ್ಪೊಪ್ಪಿಕೊಂಡು ಮುಗಿಸುವವರೆಗೂ ಆ ಮನುಷ್ಯ ಕಾದ. ಆಮೇಲೆ ಮಗುವನ್ನು ಹೆಗಲಮೇಲೆ ಸರಿಯಾಗಿ ಕೂರಿಸಿಕೊಂಡು, ಬೆನ್ನು ನೆಟ್ಟಗೆ ಮಾಡಿ ಹೇಳಿದ: “ನಾನು ರಂಗಸ್ವಾಮಿ. ಇವ್ಳು ನನ್ ಮೊಮ್ಮಗ್ಳು.”