ಹನಿ ಕೂರಿಸಿದ ಕೈ

ಆ ಟೊಮೆಟೊಗಳ ಮೇಲಿನ ನೀರಹನಿ ನನ್ನ ಕೆಲಸವಲ್ಲ. ನನ್ನದೆಂದು ಹೇಳಿಕೊಂಡು ಬಂದೆ — ಐದು ವರ್ಷಗಳಿಂದ, ಕೇಳಿದವರಿಗೆಲ್ಲ. ಆ ಒಂದು ಚಿತ್ರದಿಂದಲೇ ನನ್ನ ಕೆಲಸ ಕಾಯಂ ಆಯಿತು. ಇದು ಸುಳ್ಳಿನ ಅರ್ಧ ಮಾತ್ರ. ಉಳಿದರ್ಧ ಹೇಳುವುದು ಇನ್ನೂ ಕಷ್ಟ.

ನಗರದಂಚಿನ ಹೂಡಿಯಲ್ಲಿ, ಮನೆಮನೆಗೆ ತರಕಾರಿ ತಲುಪಿಸುವ ಕಂಪನಿಯೊಂದಕ್ಕೆ ನಾನು ಫೋಟೊ ತೆಗೆಯುತ್ತೇನೆ. ಆಗ ಸೇರಿ ಮೂರು ತಿಂಗಳಾಗಿತ್ತು. ಆ್ಯಪ್‌ನ ಮುಖಪುಟಕ್ಕೆ ಈಗಷ್ಟೇ ಗಿಡದಿಂದ ಕಿತ್ತಂತಿರುವ, ಮೈತುಂಬ ಹನಿ ನಿಂತ ಟೊಮೆಟೊ ಬೇಕಿತ್ತು. ಮಹಡಿಯ ಸ್ಟುಡಿಯೊದಲ್ಲಿ ಬೆಳಗಿನಿಂದ ಸೋಪು ಹಾಕಿ ಉಜ್ಜಿದೆ, ಒರೆಸಿದೆ, ನೀರು ಸ್ಪ್ರೇ ಮಾಡಿದೆ. ನೀರು ಹನಿಯಾಗದೆ ಹರಡಿ ಜಾರುತ್ತಿತ್ತು. ಪ್ರತಿ ಚಿತ್ರದಲ್ಲೂ ಬೆವರಿದ ಬೋಳುತಲೆಯಂಥ ಹಣ್ಣು.

ಕೆಳಗೆ ಗೇಟಿನ ಪಕ್ಕ ಗೋಣಿಚೀಲ ಹಾಸಿಕೊಂಡು ಜಯಮ್ಮ ತರಕಾರಿ ಮಾರುತ್ತಿದ್ದರು. ಹೂಡಿಯವರೇ, ನನ್ನ ತಾಯಿಗಿಂತ ಹಿರಿಯರು. ಆ ದಿನ ಮೂರನೆಯ ಸಲ ಹಣ್ಣಿಗೆ ಓಡಿದೆ.

“ಏನ್ ಮೇಡಮ್ಮ, ಟೊಮೆಟೊ ತಿಂತೀರೋ, ಸ್ನಾನ ಮಾಡಿಸ್ತೀರೋ?”

ನನ್ನ ಪಾಡು ಹೇಳಿಕೊಂಡೆ. ಪಕ್ಕದ ಹೂವಿನಾಕೆಗೆ ತರಕಾರಿ ನೋಡಿಕೊಳ್ಳಲು ಹೇಳಿ, ನನ್ನ ಹಿಂದೆಯೇ ಮೆಟ್ಟಿಲು ಹತ್ತಿದರು. ಮಧ್ಯದಲ್ಲಿ ನಿಂತು ಸುಧಾರಿಸಿಕೊಂಡು, “ಇಂಗೆ ನೆರಳಲ್ಲಿ ಕೂತ್ಕಂಡು ಮಾಡೋ ಕೆಲ್ಸ ಏನಾರ ಇದ್ರೆ ಯೋಳವ್ವ. ಆ ಬಿಸಿಲು, ಆ ಲಾರಿ ಧೂಳು — ಸಾಕಾಗೈತೆ” ಎಂದರು.

ಮೇಜಿನ ಮೇಲಿನ ಹಣ್ಣು ನೋಡಿ ಹಣೆ ಚಚ್ಚಿಕೊಂಡರು.

“ಸೋಪಾಕಿದ್ಯಾ? ಥೂ ನಿನ್ನ! ಓದ್ದೋರೆಲ್ಲ ಇಂಗೇನಾ?”

ಆಮೇಲೆ ಅವರು ಮಾಡಿದ್ದು ಇಷ್ಟೇ. ಎಣ್ಣೆ ಹಚ್ಚಿ ಬಾಚಿದ ತಮ್ಮ ತಲೆಯ ಮೇಲೊಮ್ಮೆ ಅಂಗೈ ಸವರಿಕೊಂಡರು. ಅದೇ ಅಂಗೈಯಲ್ಲಿ, ಹೊಸದಾಗಿ ತಂದ ಹಣ್ಣೊಂದನ್ನು ಒಂದೇ ಸುತ್ತು ತಿರುಗಿಸಿದರು — ಮಾರುವವರು ಬದನೆಕಾಯಿ ಮಿನುಗಲೆಂದು ಮಾಡುವ ಹಾಗೆ. ಬೆರಳ ತುದಿ ನೀರಿಗದ್ದಿ, ಮಲ್ಲಿಗೆ ಮೊಗ್ಗಿಗೆ ಚಿಮುಕಿಸುವಂತೆ, ಚಟ್ಟನೆ ಚಿಮ್ಮಿದರು.

ನಿಂತವು! ದುಂಡಗೆ, ಬಿಡಿಬಿಡಿಯಾಗಿ, ಒಂದೂ ಜಾರದೆ. ನಾನು ಕ್ಲಿಕ್ಕಿಸುತ್ತ ಹೋದೆ. “ಇನ್ನೊಂದ್ ಚೂರು, ಜಯಮ್ಮ, ತೊಟ್ಟಿನ ಹತ್ರ!” ಎಂದು ನಾನು ಕೂಗುವುದು, ಅವರು ಚಿಮ್ಮುವುದು. ಕ್ಯಾಮೆರಾದ ಪರದೆಯಲ್ಲಿ ಚಿತ್ರವನ್ನು ಹಿಗ್ಗಿಸಿ ತೋರಿಸಿದಾಗ ಅವರು ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು.

“ಅಯ್ಯಯ್ಯೋ, ನೋಡೇ! ಒಂದೊಂದು ಅನಿಯೊಳಗೂ ಕಿಟಕಿ ಐತೆ!”

ಇತ್ತು. ಪ್ರತಿ ಹನಿಯಲ್ಲೂ ಸ್ಟುಡಿಯೊದ ಕಿಟಕಿ, ಅದರಾಚೆ ಒಂದು ಚೂರು ಆಕಾಶ. ಇಬ್ಬರೂ ಚಿಕ್ಕ ಹುಡುಗಿಯರ ಹಾಗೆ ನಕ್ಕೆವು. ನಾನು ಸುಲಭವಾಗಿ ನಗುವವಳಲ್ಲ.

ಮಧ್ಯಾಹ್ನ ಮ್ಯಾನೇಜರ್ ಚಿತ್ರ ನೋಡಿ ಕುರ್ಚಿಯಿಂದ ಎದ್ದೇಬಿಟ್ಟರು. “ಸಕ್ಕತ್ತಾಗಿದೆ ಕಣಮ್ಮ! ಹನಿ ಕೂರ್ಸಿದ್ದು ಯಾರು? ಹೊರಗಿನವರಾದ್ರೆ ಹೇಳು, ದಿನಾ ಕರೆಸ್ಕೊಳ್ಳೋಣ.”

“ನಾನೇ, ಸಾರ್.”

ಯೋಚಿಸಿ ಹೇಳಿದ್ದಲ್ಲ ಎನ್ನಬಹುದಿತ್ತು. ಆದರೆ ಯೋಚಿಸಿದ್ದೆ — ಬಾಯಿ ತೆರೆಯುವ ಮುಂಚಿನ ಆ ಒಂದು ಕ್ಷಣದಲ್ಲಿ, ಮೆಟ್ಟಿಲ ಮೇಲೆ ಅವರು ಹೇಳಿದ ಮಾತು ನನಗೆ ಸ್ಪಷ್ಟವಾಗಿ ನೆನಪಿತ್ತು.

ಸಂಜೆ ಗೇಟಿನಲ್ಲಿ ಜಯಮ್ಮ ಕಾಯುತ್ತಿದ್ದರು. “ಏನಂದ್ರು? ಏನಂದ್ರು?” ಮೆಚ್ಚಿದರೆಂದು ಹೇಳಿದ್ದರೆ ಅವರು ಮೇಲೆ ಬರುತ್ತಿದ್ದರು, ಕೆಲಸ ಕೇಳುತ್ತಿದ್ದರು, ನಾನು ಸಿಕ್ಕಿಬೀಳುತ್ತಿದ್ದೆ.

“ಅವರಿಗೆ ಇಷ್ಟ ಆಗ್ಲಿಲ್ಲ, ಜಯಮ್ಮ.”

ಅವರ ಮುಖ — ಬೇಡ, ವರ್ಣಿಸುವ ಹಕ್ಕು ನನಗಿಲ್ಲ. “ಓಗ್ಲಿ ಬಿಡು. ನಿಂಗೇನೂ ಬಯ್ಲಿಲ್ಲ ತಾನೆ?” ಎಂದು ನನ್ನ ಚೀಲಕ್ಕೆ ನಾಲ್ಕು ಹಣ್ಣು ಹಾಕಿದರು. ನಾನು ತೆಗೆದುಕೊಂಡೆ. ಮನೆಯ ದಾರಿಯುದ್ದಕ್ಕೂ ಸಂಕಟಪಟ್ಟೆ ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ಕುಣಿಯುವಷ್ಟು ಸಂತೋಷವಾಗಿದ್ದೆ.

ಮೊನ್ನೆ ಹೊಸದಾಗಿ ಸೇರಿದವಳೊಬ್ಬಳು, “ಅಕ್ಕ, ಹನಿ ಹೇಗೆ ನಿಲ್ಲಿಸ್ತೀರಾ? ಹೇಳ್ಕೊಡಿ” ಎಂದಳು. ನನ್ನ ಅಂಗೈ ತಾನಾಗಿ ತಲೆಯ ಕಡೆ ಹೋಯಿತು — ಅಲ್ಲೇ ನಿಂತಿತು. ಹೇಳಿಕೊಡಲು ಆಗಲಿಲ್ಲ. ಮ್ಯಾನೇಜರ್ ಬಳಿ ಹೋಗಿ ನಿಜ ಹೇಳಿದೆ. ಅವರು ನಕ್ಕು, “ಹಳೇ ಕಥೆ ಬಿಡಮ್ಮ” ಎಂದರು. ಅವರು ಬಿಟ್ಟರೆ ಮುಗಿಯುವ ಕಥೆಯೇ ಅದು? ಕೆಳಗಿಳಿದು, ಈಗಲೂ ಗೇಟಿನ ಪಕ್ಕದಲ್ಲೇ ಇರುವ ಆ ಗೋಣಿಚೀಲದ ಮುಂದೆ ಕೂತು, ಎರಡೂ ಸುಳ್ಳುಗಳನ್ನು ಒಪ್ಪಿಕೊಂಡೆ.

ಜಯಮ್ಮ ಬೀನ್ಸ್ ಆರಿಸುತ್ತಲೇ ಇದ್ದರು. ನನ್ನ ಮುಖ ನೋಡದೆ, “ನನ್ ಕೈಗುಣಾನೇ ಸರಿ ಇಲ್ಲ ಅಂದ್ಕಂಡಿದ್ದೆ ಕಣವ್ವ, ಇಷ್ಟ್ ವರ್ಸ” ಎಂದರು.

ಯಾರೋ ಬಂದು ಅರ್ಧ ಕೆ.ಜಿ. ಕ್ಯಾರೆಟ್ ಕೇಳಿದರು. ಜಯಮ್ಮ ತೂಗತೊಡಗಿದರು.

ನಾನು ಕ್ಷಮೆ ಕೇಳಲಿಲ್ಲ. ಕೇಳಿದ್ದರೆ ಅವರು ಕೊಟ್ಟುಬಿಡುತ್ತಿದ್ದರು.