ಮೊಮ್ಮಗನಿಗೆ ಇಳಿಯದೆ ಉಳಿದದ್ದು

ಆಗ ನನಗೆ ಅರವತ್ತೇಳು. ಹೋದ ವರ್ಷದ ಮಾತು.

ಮೊಮ್ಮಗನನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚುತ್ತಿದ್ದೆ. ಎರಡು ಇರಬೇಕಾದಲ್ಲಿ ಕೈಗೆ ಒಂದೇ ಸಿಕ್ಕಿತು.

ಇನ್ನೊಂದಿಲ್ಲ.

ನನ್ನ ಮಗ ರೈಲ್ವೆ ಗುಮಾಸ್ತ, ನಾಚಿಕೆ ಜಾಸ್ತಿ. ಎಸ್‌ಟಿಡಿ ಬೂತಿನಿಂದ ಅಕ್ಕನಿಗೆ ಫೋನ್ ಮಾಡಿ "ಮಗೂದು ಒಂದು ಮಿಸ್ಸಿಂಗ್" ಅಂದನಂತೆ. ಬೂತಿನವಳು, "ಪೊಲೀಸಿಗೆ ಹೇಳಿದ್ರಾ ಸಾರ್?" ಅಂದಳಂತೆ.

ನಾನು ಹೆದರಲಿಲ್ಲ. ನಮ್ಮ ಮನೆಯ ಚಪ್ಪಟೆ ಮೂಗುಗಳನ್ನೆಲ್ಲ ಎಣ್ಣೆ ಹಾಕಿ ಒತ್ತಿ ನೆಟ್ಟಗೆ ಮಾಡಿದ ಕೈ ಇದು. ಮೂಗೇ ಮಾತು ಕೇಳಿದ ಮೇಲೆ ಇದು ಕೇಳದೇನು? ದಿನಾ ಹರಳೆಣ್ಣೆ ಬೆಚ್ಚಗೆ ಮಾಡಿ ಕಿಬ್ಬೊಟ್ಟೆ ನೀವಿದೆ. ಮಗು ದುಂಡಗಾಯಿತು. ಅದು ಇಳಿಯಲಿಲ್ಲ.

ಆರು ತಿಂಗಳಾದ ಮೇಲೆ ಆಸ್ಪತ್ರೆಗೆ ಹೋದೆವು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಮುಟ್ಟಿ ನೋಡಿ, "ಅನ್‌ಡಿಸೆಂಡೆಡ್ ಟೆಸ್ಟಿಸ್. ಒಂದು ಬೀಜ ಇಳಿಯದೆ ಒಳಗೇ ಉಳಿದಿದೆ. ಹಾಗೇ ಬಿಟ್ಟರೆ ಮುಂದೆ ಮಕ್ಕಳಾಗೋದು ಕಷ್ಟ ಆಗಬಹುದು. ಆಪರೇಷನ್ ಮಾಡಬೇಕು" ಎಂದಳು. ನಾನು ಮೂಗು ನೆಟ್ಟಗೆ ಮಾಡಿದ್ದು, ಇದಕ್ಕೂ ಎಣ್ಣೆ ಹಾಕಿ ನೀವಿದ್ದು ಎಲ್ಲ ಹೇಳಿದೆ.

"ಪಾಟಿ, ಇದು ಮೂಗಲ್ಲ." ತಮಿಳಿನಲ್ಲಿ ಅಜ್ಜಿಗೆ ಪಾಟಿ.

"ಗೊತ್ತಮ್ಮ. ಮೂಗಾಗಿದ್ರೆ ಇಷ್ಟೊತ್ತಿಗೆ ಬಂದಿರ್ತಿತ್ತು."

ಬಸುರಿನಲ್ಲಿ ಏನು ಕೆಲಸ ಮಾಡ್ತಿದ್ದಿರಿ ಎಂದು ಸೊಸೆ ರುಕ್ಮಿಣಿಯನ್ನು ಕೇಳಿದಳು. ಪಲ್ಲಾವರಂ ಹತ್ತಿರದ ನರ್ಸರಿಯಲ್ಲಿ ಗುಲಾಬಿ ಗಿಡಗಳಿಗೆ ಹುಳದ ಔಷಧಿ ಹೊಡೆಯೋದು. ಬಾಯಿಗೆ ಸೆರಗೇ ಗತಿ.

"ಅದರಿಂದಲೇ ಅಂತ ಒಂದು ಮಗೂನ ನೋಡಿ ಹೇಳಕ್ಕಾಗಲ್ಲ. ಆದರೆ ಅಂಥ ಔಷಧಿ ಹೊಟ್ಟೆಯೊಳಗಿನ ಗಂಡುಮಗು ಬೆಳೆಯೋದನ್ನ ಕೆಡಿಸಬಹುದು ಅನ್ನೋ ಅನುಮಾನ ಇದೆ. ಬಸುರಿಯರು ಅದರ ಹತ್ತಿರಾನೂ ಹೋಗಬಾರದು."

ರುಕ್ಮಿಣಿ ಅಲ್ಲೇ ಅತ್ತಳು. "ನಾನೇ ಹಾಳು ಮಾಡಿದೆ ಅತ್ತೆ."

"ಔಷಧಿ ನೀನು ಕಂಡುಹಿಡಿದ್ಯೇನೇ? ಕಣ್ಣು ಒರೆಸ್ಕೋ."

ಆಪರೇಷನ್ ದಿನ ಬಾಗಿಲ ಹೊರಗೆ ಕೂತೆವು. ಅಷ್ಟು ಹೊತ್ತು ನಾನು ಬಾಯಿ ಮುಚ್ಚಿಕೊಂಡಿದ್ದು ನೋಡಿ ಮಗ, "ಅಮ್ಮ, ನಿನಗೂ ಡಾಕ್ಟರನ್ನ ಕರೀಲಾ?" ಅಂದ.

ಡಾಕ್ಟರಮ್ಮ ಬಂದಳು. ಇಳಿಸಿ ಹೊಲಿದಿದ್ದಾರೆ. ಮುಂದಿನದು ಅವನು ದೊಡ್ಡೋನಾದ ಮೇಲೇ ಗೊತ್ತಾಗೋದಂತೆ. ಅಷ್ಟೊತ್ತಿಗೆ ನಾನಿರೋದಿಲ್ಲ. ಇರಲಿ. ಈಗ ಎರಡಿದೆ. ಆ ಡಾಕ್ಟರ್ ಹುಡುಗಿಯ ಕೈ ತಣ್ಣಗಿರಲಿ.

ರುಕ್ಮಿಣಿ ಮಗೂನ ಎದೆಗೊತ್ತಿಕೊಂಡು, ನರ್ಸರಿಯಲ್ಲಿ ತನ್ನ ಜಾಗಕ್ಕೆ ಬಂದಿರುವ ಸೆಲ್ವಿಗೂ ಈಗ ಮೂರು ತಿಂಗಳು ಎಂದಳು.

ಮಾರನೇ ಬೆಳಿಗ್ಗೆ ಪಲ್ಲಾವರಂ ಬಸ್ಸು ಹತ್ತಿದೆ. ಸೆಲ್ವಿಯ ಬೆನ್ನಿನಿಂದ ಔಷಧಿ ಡಬ್ಬ ಇಳಿಸಿ, ಯಜಮಾನನ ಮೇಜಿನ ಮೇಲೆ ಕುಕ್ಕಿದೆ. "ಮೂರು ಮಕ್ಕಳಾಗಿದೆ ನಿಮಗೆ. ಇನ್ನು ಮೇಲೆ ನೀವೇ ಹೊಡೀರಿ."