ಹಾಲಮ್ಮ ಕರೆದ ಮಧ್ಯಾಹ್ನ

ದೇವದೂತ ಕಂಡ, ಸತ್ತವರು ಬಂದು ಮಾತಾಡಿದರು ಎಂದು ಯಾರಾದರೂ ಸಾಕ್ಷಿ ಹೇಳಿದರೆ ಚರ್ಚಿನಲ್ಲೇ ಕೂತು ಮುಸಿಮುಸಿ ನಗುತ್ತಿದ್ದವಳು ನಾನು. ಅಂಥ ಕಥೆಗಳನ್ನು ಈಗಲೂ ನಂಬುವುದಿಲ್ಲ. ಇದನ್ನು ನೀವು ನಂಬಲೇಬೇಕೆಂಬ ಹಟವೂ ಇಲ್ಲ. ಆದರೆ ನಡೆದದ್ದನ್ನು ನಡೆದಿಲ್ಲ ಎನ್ನಲಾರೆ.

ಎಪ್ಪತ್ತರ ದಶಕದ ಕೊನೆ. ಜಗಳೂರು ತಾಲ್ಲೂಕಿನ ಸೊಕ್ಕೆಯಲ್ಲಿ ನಾನು ಹೆರಿಗೆ ನರ್ಸು. "ಯೇಸುವಿನ ಹೆಸರು ಹೇಳದಿದ್ರೂ ಚಿಂತೆಯಿಲ್ಲ, ನಿನ್ನ ಕೆಲಸ ನೋಡಿದವರಿಗೆ ಆತ ಗೊತ್ತಾಗಬೇಕು" ಎಂದು ಹೇಳಿ ಅಪ್ಪ ಚನ್ನಗಿರಿಯಲ್ಲಿ ಬಸ್ಸು ಹತ್ತಿಸಿದ್ದರು. ನಾನೂ ಹಾಗೇ ನಡೆದುಕೊಂಡೆ. ಹಾಲಮ್ಮನ ಮನೆಯಲ್ಲಿ ಮಾತ್ರ ತಾಳ್ಮೆ ಕೆಟ್ಟಿತು. ಆಕೆಯ ಬಸುರಿ ಸೊಸೆಯನ್ನು ನೋಡಲು ಹೋದರೆ ಹೊಸ್ತಿಲಿಗೆ ಅಡ್ಡ ನಿಂತು, "ಕಿರಸ್ತಾನರನ್ನ ಒಳಗೆ ಬಿಡಾಕಾಗಲ್ರಿ, ಹೋಗ್ರಿ" ಎಂದಳು. ಓಣಿಯೆಲ್ಲ ನೋಡುತ್ತಿತ್ತು. ಸತ್ತರೂ ಈ ಮನೆಗೆ ಕಾಲಿಡುವುದಿಲ್ಲ ಎಂದು ಅಲ್ಲೇ ಶಪಥ ಮಾಡಿದೆ.

ತಿಂಗಳ ಮೇಲೆ ಒಂದು ಬೆಳಗ್ಗೆ ಆ ಸೊಸೆಗೆ ಬೇನೆ ಬಂದಿದೆಯೆಂದು ಪಕ್ಕದ ಮನೆಯವರು ಹೇಳಿದರು. ಕಿವಿಗೆ ಹಾಕಿಕೊಳ್ಳಲಿಲ್ಲ. ಮಧ್ಯಾಹ್ನ ಉಣ್ಣಲು ಕೂತಿದ್ದಾಗ ಬಾಗಿಲಲ್ಲಿ ಹಾಲಮ್ಮ ನಿಂತಿದ್ದಳು. "ಬರ್ರಿ ನರ್ಸಮ್ಮ, ಜೀವ ಹೋಗ್ತೈತೆ" ಎಂದಷ್ಟೇ ಹೇಳಿ ತಿರುಗಿದಳು. ಕೈ ತೊಳೆದು ಚೀಲ ಹಿಡಿದು ಓಡಿದೆ. ದಾರಿಯಲ್ಲಿ ಆಕೆ ಕಾಣಲಿಲ್ಲ.

ಹೋಗಿ ನೋಡಿದರೆ ಹಾಲಮ್ಮ ಗೋಡೆಗೆ ಒರಗಿ, ಸೊಸೆಯನ್ನು ಹಿಂದಿನಿಂದ ತಬ್ಬಿ ಕೂತಿದ್ದಾಳೆ. ಹಾಗೆ ಬೆನ್ನಿಗೆ ಕೂತವರು ಮಗುವಿನ ಹಿಂದೆ ಬರುವ ಮಾಸು ಬೀಳುವವರೆಗೆ ಏಳಬಾರದೆಂಬುದು ಅವರ ಪದ್ಧತಿ. ಮಗು ಹುಟ್ಟಿತ್ತು, ಮಾಸು ಬಿದ್ದಿರಲಿಲ್ಲ, ರಕ್ತ ಹರಿಯುತ್ತಲೇ ಇತ್ತು. ಈ ಸಲ ಯಾರೂ ತಡೆಯಲಿಲ್ಲ. ಒಂದು ಗಂಟೆ ಹೆಣಗಾಡಿದ ಮೇಲೆ ಮಾಸು ಬಿತ್ತು, ರಕ್ತ ನಿಂತಿತು, ಹುಡುಗಿ ಉಳಿದಳು.

"ನಿಮಗೆ ಯಾರು ಹೇಳಿದ್ರು?" ಎಂದು ಹಾಲಮ್ಮ ಕೇಳಿದಳು.

"ನೀವೇ ಬಂದ್ರಲ್ಲಮ್ಮ."

"ನಾನು ಹೆಂಗೆ ಬರ್ಲಿ? ಹೊತ್ತು ಮೂಡಿದಾಗಿಂದ ಇಲ್ಲೇ ಕುಂತೀನಿ."

ಅಲ್ಲಿದ್ದ ಹೆಂಗಸರೂ ಹೌದೆಂದರು.

ಊರವರು ಮನೆದೇವರೇ ಹಾಲಮ್ಮನ ರೂಪದಲ್ಲಿ ಬಂದದ್ದು ಎಂದರು. ನಮ್ಮ ಪಾಸ್ಟರು ದೇವದೂತ ಎಂದರು, ಭಾನುವಾರ ಸಾಕ್ಷಿ ಹೇಳಲೇಬೇಕೆಂದರು. ನಾನು ಎರಡಕ್ಕೂ ತಲೆಯಾಡಿಸಲಿಲ್ಲ. ಬಂದದ್ದು ಯಾರೆಂದು ಅಂದೂ ಗೊತ್ತಿರಲಿಲ್ಲ, ಇಂದೂ ಗೊತ್ತಿಲ್ಲ.

"ಗೊತ್ತಿರೋದನ್ನ ಹೇಳ್ತೀನಿ ಪಾಸ್ಟರೇ. ಬೆಳಗ್ಗೆಯೇ ಸುದ್ದಿ ತಿಳಿದ್ರೂ ನಾನು ಹೋಗ್ಲಿಲ್ಲ. ಯಾರೂ ಕರೀದೆ ಇದ್ದಿದ್ರೆ ಉಂಡು ಮಲಗ್ತಿದ್ದೆ" ಎಂದೆ.

ಅದನ್ನೆಲ್ಲ ಚರ್ಚಿನಲ್ಲಿ ಹೇಳುವುದು ಬೇಡ ಎಂದರು ಅವರು.

"ಹಂಗಾದ್ರೆ ನನ್ನ ಹತ್ರ ಬೇರೆ ಸಾಕ್ಷಿ ಇಲ್ರಿ" ಎಂದು ಎದ್ದು ಬಂದೆ.